ಅಮಾವಾಸ್ಯೆಗೆ ಹಸಿರು ಬೋರ್ಡು

ಚಿಕ್ಕಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ನಾನು ಉತ್ತರ ಹೇಳಿದ್ದೂ ಒಂದೇ ವಾಕ್ಯದಲ್ಲಿ. ಆ ವಾಕ್ಯದಲ್ಲಿ ಒಂದು ಊರಿನ ಹೆಸರು ಇರಬೇಕಾಗಿತ್ತು. ಅದನ್ನು ನಾನು ಬಿಟ್ಟೆ. ಮರೆತು ಬಿಟ್ಟದ್ದಲ್ಲ.

ಆಗ ನಾನು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನಮ್ಮ ಮನೆ ನಾಗಮಂಗಲದ ಆಚೆ, ದೇವಲಾಪುರದ ಕಡೆ. ಅಲ್ಲಿಂದ ದಿನಾ ಎರಡು ಬಸ್ಸು ಬದಲಾಯಿಸಿ ಓಡಾಡುವುದು ಆಗದ ಮಾತಾದ್ದರಿಂದ ಪಾಂಡವಪುರದ ಹತ್ತಿರ, ನಾಲೆಯ ಬಯಲಿನಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಇದ್ದೆ. ನಾನು ಹೆಚ್ಚು ಮಾತನಾಡುವವಳಲ್ಲ. ಆ ಮನೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. "ಓದೋ ಉಡ್ಗಿ, ಅದ್ರ ಪಾಡ್ಗೆ ಬುಡ್ರಿ" ಎಂದು ಚಿಕ್ಕಮ್ಮ ಬಂದವರಿಗೆ ಹೇಳುತ್ತಿದ್ದಳು.

ಚಿಕ್ಕಮ್ಮನದು ಬಾಳೆ ಎಲೆಯ ವ್ಯಾಪಾರ. ಕಾಯಿಗಿಂತ ಎಲೆಗೆಂದೇ ಬೆಳೆಸಿದ ಅರ್ಧ ಎಕರೆ ತೋಟ ಅವಳದು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹೊಳೆಗೆ ಹತ್ತಿರ ಒಂದು ಛತ್ರವಿದೆ. ತೀರಿಕೊಂಡವರಿಗೆ ತರ್ಪಣ ಬಿಡಲು ಬಂದವರು ಅಲ್ಲಿ ಅಡುಗೆ ಮಾಡಿಸಿ, ಹಿರಿಯರಿಗೆ ಎಡೆ ಇಟ್ಟು, ಪಂಕ್ತಿಯಲ್ಲಿ ಕೂತು ಉಂಡು ಹೋಗುತ್ತಾರೆ. ಆ ಛತ್ರಕ್ಕೆ ಕಾಯಂ ಆಗಿ ಎಲೆ ಹಾಕುವ ವರ್ತನೆ ಎಷ್ಟೋ ವರ್ಷದಿಂದ ಚಿಕ್ಕಮ್ಮನದೇ. ಎಡೆಗೆ ಕುಡಿ ಎಲೆಯೇ ಆಗಬೇಕು, ತುದಿ ಸೀಳಿರಬಾರದು. ತುದಿ ಹರಿದ ಎಲೆಯಲ್ಲಿ ಹಿರೀಕರು ಉಣ್ಣುವುದಿಲ್ಲ ಎಂಬುದು ನಮ್ಮ ಕಡೆಯ ಮಾತು. ಬದುಕಿದ್ದಾಗ ತಟ್ಟೆ ಸೊಟ್ಟಗಿದ್ದರೂ ಉಂಡವರೇ ಅವರೆಲ್ಲ.

ಮೊದಲು ಎಲೆಗಳು ಬಸ್ಸಿನಲ್ಲಿ ಹೋಗುತ್ತಿದ್ದವು. ಕಂಡಕ್ಟರುಗಳ ಜೊತೆ ಜಗಳ, ಸೀಟಿನ ಕೆಳಗೆ ಸಿಕ್ಕಿ ಹರಿದ ತುದಿಗಳು, ಬಸ್ಸು ತಡವಾದರೆ ಬಾಡಿದ ಕಟ್ಟುಗಳು. ಕೊನೆಗೆ ಹೋದ ಬೇಸಿಗೆಯಲ್ಲಿ ಅವಳು ಒಂದು ಬ್ಯಾಟರಿ ಗೂಡ್ಸ್ ಆಟೋ ತೆಗೆದುಕೊಂಡಳು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಊರಿನ ಗಂಡಸರು ಒಂದು ವಾರ ನಕ್ಕರು, ಆಮೇಲೆ ತಮ್ಮ ಹಿಂಡಿ ಮೂಟೆಗಳನ್ನು ಹಾಕಿಸಿಕೊಂಡು ಬರಲು ಅವಳನ್ನೇ ಕರೆಯತೊಡಗಿದರು. ಗಾಡಿಯ ಬಗ್ಗೆ ಅವಳ ದೂರು ಒಂದೇ: "ಸದ್ದೇ ಮಾಡಕ್ಕಿಲ್ಲ ಕಣಮ್ಮಿ. ಕೋಳಿಗೋಳು ದಾರಿ ಬುಡದೇ ಇಲ್ಲ." ಅದರ ನಂಬರ್ ಪ್ಲೇಟು ಹಸಿರು, ಮೇಲಿನ ಅಕ್ಷರ ಹಳದಿ. ಶುಕ್ರವಾರ ಶುಕ್ರವಾರ ಅರಿಶಿನ ಹಚ್ಚಿ ಹಚ್ಚಿ ಅಕ್ಷರ ಯಾವುದು, ಅರಿಶಿನ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಫೋನಿಗೆ ಒಂದು ಪ್ರಕಟಣೆ ಬಂತು. ಅವತ್ತು ಜನಸಂದಣಿ ಇರುವುದರಿಂದ ಗಂಜಾಂ ಕಡೆಗೆ ವಾಹನ ಬಿಡುವುದಿಲ್ಲ, ದೂರದಲ್ಲೇ ನಿಲ್ಲಿಸಿ ನಡೆದು ಹೋಗಬೇಕು ಎಂದಿತ್ತು. ಯಾರೋ ಯಾರಿಗೋ ಕಳಿಸಿದ್ದರಲ್ಲಿ ಕೆಳಗಿನ ಅರ್ಧ ಕತ್ತರಿಸಿ ಹೋಗಿತ್ತು. ಚಿಕ್ಕಮ್ಮನ ಮುಖ ಸಣ್ಣದಾಯಿತು. ಅದರ ಹಿಂದಿನ ಅಮಾವಾಸ್ಯೆಗೆ ಗಾಡಿಗೆ ಚಾರ್ಜ್ ಹಾಕಿದ್ದಾಗ ಕರೆಂಟು ಹೋಗಿ, ಬಸ್ಸಿನಲ್ಲಿ ಹೋಗಿ ತಡವಾಗಿತ್ತು. ಆಗಲೇ ಛತ್ರದ ಮೇಲ್ವಿಚಾರಕರು ಹೇಳಿದ್ದರಂತೆ: "ಮಾಲಯಕ್ಕೂ ಇಂಗೇ ಆದ್ರೆ ನಾನು ಬ್ಯಾರೆ ಯೋಚ್ನೆ ಮಾಡಬೇಕಾಯ್ತದೆ ಕಣಕ್ಕ. ಅತ್ತೂವರೆಗೆ ಮೊದಲ್ನೇ ಪಂಕ್ತಿಗೆ ಎಲೆ ಬಿದ್ದಿರ್ಬೇಕು."

ಆ ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪ ಒಂದು ತೀರ್ಮಾನ ಕೊಟ್ಟರು. ಅವರು ಹರೆಯದಲ್ಲಿ ಕಬ್ಬಿನ ದರಕ್ಕಾಗಿ ರಸ್ತೆ ತಡೆದವರು. ಹಸಿರು ಶಾಲು ಇನ್ನೂ ಗೋಡೆಯ ಮೊಳೆಯಲ್ಲಿದೆ. ಆ ಕಾಲದಲ್ಲಿ ಟ್ರಾಕ್ಟರಿನ ಮುಂದೆ ಹಸಿರು ಶಾಲು ಕಟ್ಟಿದರೆ ಟೋಲಿನವನೂ ಕೈ ಅಡ್ಡ ಮಾಡುತ್ತಿರಲಿಲ್ಲ ಎಂಬುದು ಅವರು ನೂರು ಸಲ ಹೇಳಿದ ಕಥೆ.

"ಶಾಲು ಬಟ್ಟೇದು. ಅದ್ನ ನೋಡೇ ಬುಡ್ತಿದ್ರು," ಎಂದರು. "ಇದು ಸರ್ಕಾರವೇ ಹೊಡ್ದು ಕೊಟ್ಟಿರೋ ಹಸ್ರು ಬೋರ್ಡು. ಇದ್ನ ತಡೀತಾರಾ? ಬುಟ್ಟೇ ಬುಡ್ತಾರೆ."

"ನಿಮ್ಮ ಶಾಲ್ನ ಕತೆ ಕೇಳ್ಕಂಡು ನಾನ್ ಹೋಗಿ ಪೊಲೀಸ್ನೋರ ಮುಂದೆ ನಿಂತ್ಕತೀನಿ," ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಮಗ, ನೀನ್ ನೋಡೇಳು. ಬ್ಯಾಟ್ರಿ ಗಾಡಿಗೂ ಈ ರೂಲ್ಸು ಬತ್ತದಾ?"

ನಾನು ಫೋನಿನಲ್ಲಿ ಹುಡುಕಿದೆ. ಹತ್ತು ನಿಮಿಷ ಹಿಡಿಯಿತು. ನಗರದೊಳಗೆ ಸರಕು ವಾಹನಗಳಿಗೆ ಬೆಳಿಗ್ಗೆ, ಸಂಜೆ ಕೆಲವು ಗಂಟೆ ಪ್ರವೇಶವಿಲ್ಲ, ಆದರೆ ಬ್ಯಾಟರಿಯಿಂದ ಓಡುವ ಸಣ್ಣ ಸರಕು ವಾಹನಗಳಿಗೆ ಆ ನಿರ್ಬಂಧದಿಂದ ವಿನಾಯಿತಿ ಎಂಬ ಆದೇಶ ಸಿಕ್ಕಿತು. ಭಾಷೆ ಖಚಿತವಾಗಿತ್ತು. ಆದೇಶ ದೆಹಲಿಯದು. ಅದನ್ನು ಓದುವಾಗಲೇ ನೋಡಿದ್ದೆ.

ತಲೆ ಎತ್ತಿದಾಗ ಇಬ್ಬರೂ ತುತ್ತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ನನ್ನ ಮಾತಿಗಾಗಿ ಯಾರಾದರೂ ಮುದ್ದೆ ಬಿಟ್ಟು ಕಾದದ್ದು ಅದೇ ಮೊದಲು. "ಬ್ಯಾಟರಿ ಸರಕು ಗಾಡಿಗಳಿಗೆ ವಿನಾಯಿತಿ ಇದೆ," ಎಂದೆ.

"ನೋಡ್ದಾ?" ಎಂದು ಚಿಕ್ಕಪ್ಪ ಸಾರಿಗೆ ಕೈ ಹಾಕಿದರು.

ಊರಿನ ಹೆಸರನ್ನು ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಬರುವಷ್ಟರಲ್ಲಿ ಚಿಕ್ಕಮ್ಮ ಛತ್ರಕ್ಕೆ ಫೋನು ಮಾಡಿ, "ನಮ್ ಗಾಡೀನ ತಡ್ಯಂಗಿಲ್ವಂತೆ, ಆರ್ಡ್ರೈತೆ, ನಮ್ಮುಡ್ಗಿ ನೋಡವ್ಳೆ" ಎಂದು ಹೇಳಿಯಾಗಿತ್ತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಒಂದು ದಿನದ ಹಿಂದೆ ಅದು ಒಂದು ಪದ ಸೇರಿಸುವ ಕೆಲಸವಾಗಿತ್ತು. ಈಗ ತಪ್ಪೊಪ್ಪಿಗೆಯಾಗಿತ್ತು.

ಆ ಎರಡು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನೇ ಮತ್ತೆ ಬರೆದೆ. ಬಸ್ಸಿನಲ್ಲಿ ಫೋನು ತೆಗೆದು ನಮ್ಮ ಊರಿನ ಆದೇಶಕ್ಕಾಗಿ ಹುಡುಕುವುದು, ಸಿಗದೆ ಮುಚ್ಚುವುದು, ಮತ್ತೆ ತೆಗೆಯುವುದು. ಠಾಣೆಯ ನಂಬರು ಮಾತ್ರ ಸಿಕ್ಕಿತು. ಅದನ್ನು ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಗೊತ್ತಿಲ್ಲದವರಿಗೆ ಫೋನು ಮಾಡುವುದು ನನಗೆ ಆಗದು. ಆಗದು ಎಂದು ನನಗೆ ನಾನೇ ಕೊಟ್ಟುಕೊಂಡ ವಿನಾಯಿತಿ ಅದು. ಅದಕ್ಕೆ ಯಾವ ಊರಿನ ಆದೇಶವೂ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಚಿಕ್ಕಮ್ಮ, ಚಿಕ್ಕಪ್ಪ ಎಲೆ ಕೊಯ್ಯುತ್ತಿದ್ದರು. ಬಿದಿರಿನ ಗಳುವಿಗೆ ಕಟ್ಟಿದ ಕುಡುಗೋಲಿನಿಂದ ಚಿಕ್ಕಪ್ಪ ಕೊಯ್ದು ಇಳಿಸುತ್ತಿದ್ದರು. ಅದು ನೆಲ ಮುಟ್ಟುವ ಮೊದಲೇ ಚಿಕ್ಕಮ್ಮ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ನಾನು ಐವತ್ತೈವತ್ತು ಎಣಿಸಿ, ತುದಿಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಬಾಳೆ ನಾರಿನಿಂದ ಕಟ್ಟಿದೆ. ಹನ್ನೆರಡು ಕಟ್ಟು. ಮೇಲೆ ಒದ್ದೆ ಗೋಣಿ. ಎಂಟೂವರೆಗೆ ಗಾಡಿ ಹೊರಟಿತು. ಕಾಲೇಜಿಗೆ ರಜೆಯಿತ್ತು. ಚಿಕ್ಕಮ್ಮ ನನ್ನನ್ನು ಜೊತೆಗೆ ಕರೆದುಕೊಂಡಳು. "ಆರ್ಡ್ರು ತೋರ್ಸಕ್ಕೆ ನೀನಿರು."

ಕಿರಂಗೂರಿನವರೆಗೆ ನಾನು ಐದು ಸಲ ಬಾಯಿ ತೆರೆದಿರಬೇಕು. ಗಾಡಿಗೆ ಸದ್ದಿಲ್ಲದಿದ್ದುದರಿಂದ ಹೇಳದಿರಲು ಅದೂ ನೆಪವಾಗಲಿಲ್ಲ. ಮೈಸೂರಿನ ದೊಡ್ಡ ರಸ್ತೆ ಹತ್ತುವಲ್ಲಿ ಬೈಕು, ಆಟೋ, ಟ್ರಾಕ್ಟರಿನ ಚಿತ್ರಗಳ ಮೇಲೆ ಕೆಂಪು ಗೆರೆ ಎಳೆದ ಬೋರ್ಡಿದೆ. ಚಿಕ್ಕಮ್ಮ ಎಂದಿನಂತೆ ಪಕ್ಕದ ಸರ್ವಿಸ್ ರಸ್ತೆಗೆ ತಿರುಗಿಸಿದಳು. ನಾನು ಆ ಬೋರ್ಡನ್ನು ಅಷ್ಟು ಗಮನವಿಟ್ಟು ನೋಡಿದ್ದು ಅವತ್ತೇ. ಮೂರು ಚಕ್ರದ ಗಾಡಿ ಬೇಡ ಎಂದಿತ್ತು. ಯಾವುದರಿಂದ ಓಡುತ್ತದೆ ಎಂದು ಅದು ಕೇಳಿರಲಿಲ್ಲ.

"ಚಿಕ್ಕಮ್ಮ," ಎಂದೆ.

"ಏನ್ ಮಗ? ಬಿಸ್ಲಾ? ಗೋಣಿ ಸರಿಯಾಗ್ ಒದ್ಸು, ಎಲೆ ಬಾಡ್ತವೆ."

ನಾನು ಹಿಂದಕ್ಕೆ ಬಾಗಿ ಗೋಣಿ ಸರಿ ಮಾಡಿದೆ.

ಹೊಳೆಯ ಸೇತುವೆ ದಾಟಿ, ಗಂಜಾಂ ಕಡೆಗೆ ತಿರುಗುವಲ್ಲಿ ಕಬ್ಬಿಣದ ಬ್ಯಾರಿಕೇಡುಗಳನ್ನು ಅಡ್ಡ ಇಟ್ಟಿದ್ದರು. ಆಚೆಗೆ ಜನವೋ ಜನ. ತಲೆ ಬೋಳಿಸಿಕೊಂಡವರು, ಎಳ್ಳಿನ ಪೊಟ್ಟಣ ಹಿಡಿದವರು, ಒದ್ದೆ ಪಂಚೆಯಲ್ಲಿ ವಾಪಸು ಬರುತ್ತಿದ್ದವರು. ಈಚೆಗೆ ಕಾರು, ಬೈಕುಗಳ ಸಾಲು. ಕೈಯಲ್ಲಿ ಲಾಠಿಯ ಬದಲು ಛತ್ರಿ ಹಿಡಿದಿದ್ದ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಗಾಡಿಯ ಮುಂದೆ ಬಂದರು.

"ತಿರುಗ್ಸವ್ವ, ತಿರುಗ್ಸು. ಗೂಡ್ಸ್ ಗಾಡಿ ಇಲ್ಲ."

"ಬ್ಯಾಟ್ರಿ ಗಾಡಿ ಸಾರ್ ಇದು," ಎಂದಳು ಚಿಕ್ಕಮ್ಮ. ಧೈರ್ಯವಾಗಿಯೇ ಹೇಳಿದಳು. "ಬೋರ್ಡ್ ನೋಡಿ, ಹಸ್ರು."

ಅವರು ಬಗ್ಗಿ ನೋಡಿದರು. "ಅರಿಶ್ನ ಕಾಣ್ತದೆ."

"ಅರಿಶ್ನದ ಕೆಳ್ಗೆ ನೋಡಿ ಸಾರ್."

"ಹಸ್ರಾದ್ರೇನು, ಕೆಂಪಾದ್ರೇನು? ಮೂರ್ ಚಕ್ರ ಐತೋ ಇಲ್ವೋ?"

"ಒಗೆ ಬರಕ್ಕಿಲ್ಲ ಸಾರ್ ಇದ್ರಲ್ಲಿ. ಸದ್ದೂ ಇಲ್ಲ."

"ಒಗೆ ಬಂದ್ರೆ ಜನ ಕೆಮ್ಕಂಡು ಓಯ್ತಾರೆ ಕಣವ್ವ," ಎಂದರು. "ನಿನ್ ಗಾಡಿ ಒಳೀಕೆ ಬಂದ್ರೆ ಓಗಕ್ಕೇ ಜಾಗ ಇರಕ್ಕಿಲ್ಲ. ಸದ್ದಿಲ್ದಿದ್ರೆ ಇನ್ನೂ ಕಷ್ಟ. ಇಂದ್ಗಡೆಯಿಂದ ಬಂದಿದ್ದೇ ಗೊತ್ತಾಗಕ್ಕಿಲ್ಲ ಮುದುಕ್ರಿಗೆ."

ಎರಡು ದಿನ ನಾನು ಯಾವ ಪುಟದಲ್ಲೂ ಕಾಣದ್ದು ಆ ಮಾತಿನಲ್ಲಿ ಇತ್ತು. ನಾನು ಓದಿದ ಆದೇಶ ಒಂದು ಮಹಾನಗರದ ಹೊಗೆಯದು. ಹೊಗೆಗಾಗಿ ಮಾಡಿದ ನಿಯಮ ಹೊಗೆಯಿಲ್ಲದ ಗಾಡಿಯನ್ನು ಬಿಡುತ್ತದೆ. ಇಲ್ಲಿಯ ನಿಯಮ ಕಾಲಿಡುವ ಜಾಗದ್ದು. ಜಾಗದ ಲೆಕ್ಕಕ್ಕೆ ಎಲ್ಲ ಗಾಡಿಯೂ ಗಾಡಿಯೇ.

"ಆರ್ಡ್ರೈತೆ ಸಾರ್," ಚಿಕ್ಕಮ್ಮ ಬಿಡಲಿಲ್ಲ. "ನಮ್ಮಕ್ಕನ ಮಗ್ಳು, ಕಾಲೇಜ್ನಲ್ಲಿ ಪಾಠ ಹೇಳ್ತಾಳೆ. ತೋರ್ಸು ಮಗ."

ಇಬ್ಬರೂ ನನ್ನನ್ನು ನೋಡಿದರು. ಫೋನು ನನ್ನ ಕೈಯಲ್ಲೇ ಇತ್ತು, ಆದೇಶವೂ ತೆರೆದಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಅವರ ಮುಂದೆ ಹಿಡಿದರೆ ಆ ಬಿಸಿಲಿನಲ್ಲಿ ಅವರು ಓದದೆ ಬಿಟ್ಟುಬಿಡುವ ಸಾಧ್ಯತೆಯೂ ಇತ್ತು. ಆ ಯೋಚನೆ ನನಗೆ ಬಂತು. ಬಂದದ್ದನ್ನು ಇಲ್ಲಿ ಬರೆಯದಿದ್ದರೆ ಮತ್ತೆ ಒಂದು ಪದ ಬಿಟ್ಟಂತಾಗುತ್ತದೆ.

"ಅದು ಇಲ್ಲಿಯದಲ್ಲ ಸರ್," ಎಂದೆ. "ದೆಹಲಿಯದು."

"ದೆಹಲೀದಾ!" ಹೆಡ್ ಕಾನ್‌ಸ್ಟೇಬಲ್ ಛತ್ರಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. "ಅಂಗಾರೆ ದೆಹಲೀಗೆ ಓಗಿ ಎಲೆ ಮಾರ್ಕೊಳ್ಳಿ. ತಿರುಗ್ಸವ್ವ, ಹಿಂದೆ ಬಸ್ ನಿಂತದೆ."

ಚಿಕ್ಕಮ್ಮ ಗಾಡಿಯನ್ನು ತಿರುಗಿಸಿ, ಕಾರುಗಳ ಸಾಲಿನ ಕೊನೆಯಲ್ಲಿ ಒಂದು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದಳು. ಕೀ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಕೇಳಿದಳು.

"ಯಾವಾಗ್ ಗೊತ್ತಾಯ್ತು?"

"ಅವತ್ತೇ."

ಅವಳು ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು. ಬೈದಿದ್ದರೆ ಒಳ್ಳೆಯದಿತ್ತು. "ಸರಿ ಬುಡು. ಗಂಟೆ ಎಷ್ಟು?" ಎಂದಳು.

ಒಂಬತ್ತು ಮುಕ್ಕಾಲು. ಅಲ್ಲಿಂದ ಛತ್ರಕ್ಕೆ ಎರಡು ಕಿಲೋಮೀಟರು ಹತ್ತಿರ. ಹನ್ನೆರಡು ಕಟ್ಟು, ಇಬ್ಬರು ಹೆಂಗಸರು. ಅವಳು ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ಮೂರು ಕಟ್ಟು ಹೊರಿಸು ಎಂದಳು. ಹೊರಿಸಿದೆ. ನಾನು ಎದೆಗೆ ಅವುಚಿ ಎರಡು ಹಿಡಿದರೆ ಇನ್ನೂ ಏಳು ಉಳಿದವು. ಎರಡನೇ ಸಲ ಬರುವಷ್ಟರಲ್ಲಿ ಹನ್ನೊಂದೂವರೆ.

"ಕೇಳು," ಎಂದಳು ಚಿಕ್ಕಮ್ಮ, ತಲೆ ಅಲ್ಲಾಡಿಸದೆ, ಕಣ್ಣಿನಲ್ಲೇ ಜನರ ಕಡೆ ತೋರಿಸಿ. "ಎಲ್ರೂ ಅಲ್ಲಿಗೇ ಓಗ್ತಾವ್ರೆ. ಬರಿಗೈಲಿ ಓಗ್ತಾವ್ರೆ. ಒಂದೊಂದ್ ಕಟ್ಟು ಇಡ್ಕಳಿ ಅನ್ನು."

"ನಾನಾ?"

"ನನ್ ತಲೆ ಮೇಲೆ ಐತಲ್ಲ ಒರೆ. ನೀನೇ."

ಠಾಣೆಗೆ ಒಂದು ಫೋನು ಮಾಡಲಾಗದವಳು ನಾನು, ಸಾವಿರ ಜನ ನಡೆಯುವ ರಸ್ತೆಯ ಪಕ್ಕ ನಿಂತು ಗುರುತಿಲ್ಲದವರ ಕೈಗೆ ಹೊರೆ ಕೊಡಬೇಕಾಯಿತು. ಮೊದಲ ಇಬ್ಬರಿಗೆ ನನ್ನ ದನಿಯೇ ಕೇಳಿಸಲಿಲ್ಲ. ಮೂರನೆಯವರು ಸೌತೆಕಾಯಿ ಮಾರುವವಳೆಂದುಕೊಂಡು ಬೇಡ ಎಂದು ಕೈಯಾಡಿಸಿದರು. ನಾಲ್ಕನೆಯವರು ಒಂದು ದೊಡ್ಡ ಕುಟುಂಬದ ಯಜಮಾನಿ, ಕೈಯಲ್ಲಿ ಎಡೆಯ ಸಾಮಾನಿನ ಚೀಲ.

"ಛತ್ರಕ್ಕೆ ಎಲೆ," ಎಂದೆ. "ಗಾಡಿ ಬಿಡಲಿಲ್ಲ. ಒಂದು ಕಟ್ಟು ಹಿಡಿದುಕೊಳ್ಳುತ್ತೀರಾ? ಹಿರಿಯರ ಎಡೆಗೆ."

ಆ ಕೊನೆಯ ಮಾತನ್ನು ಯೋಚಿಸಿ ಹೇಳಿದ್ದಲ್ಲ. ಆಕೆ ನಿಂತರು. "ಎಡೆ ಎಲೆ ಇಡ್ಕೊಳಲ್ಲ ಅಂತ ಈವತ್ತು ಯಾರ್ ಅಂದಾರು? ಲೇ, ಬಾ ಇಲ್ಲಿ," ಎಂದು ಮಗನಂತಿದ್ದವನನ್ನು ಕರೆದರು. "ಆ ಮೊಬೈಲು ಜೇಬ್ನಲ್ಲಿಡು. ಎರಡ್ ಕೈಲಿ ಇಡ್ಕೊ. ತುದಿ ಮೇಲ್ಕೆ ಬರ್ಲಿ, ನಿಮ್ಮಪ್ಪನಿಗೇ ಇಡೋದು ಅದು."

ಆತ ಎಲೆಗಳನ್ನು ಕೈಗೂಸಿನಂತೆ ಹಿಡಿದ. ಅವರ ಹಿಂದೆಯೇ ಬಂದವರು ತಾವಾಗಿ ಕೇಳಿದರು. ಐದು ನಿಮಿಷದಲ್ಲಿ ಏಳು ಕಟ್ಟೂ ಹೋದವು. ಬ್ಯಾರಿಕೇಡಿನ ಹತ್ತಿರ ಹೆಡ್ ಕಾನ್‌ಸ್ಟೇಬಲ್ ನಮ್ಮನ್ನು ನೋಡಿ, "ಇದ್ನ ಮೊದ್ಲೇ ಮಾಡೋದಲ್ವಾ, ದೆಹಲಿ ಗಿಹಲಿ ಅಂತ" ಎಂದು ಕಬ್ಬಿಣವನ್ನು ಒಂದು ಮೊಳ ಸರಿಸಿ ಚಿಕ್ಕಮ್ಮನ ಹೊರೆಗೆ ದಾರಿ ಬಿಟ್ಟರು.

ದಾರಿಯುದ್ದಕ್ಕೂ ನಾನು ಎಣಿಸುತ್ತಲೇ ಇದ್ದೆ. ಮುಂದೆ ನಾಲ್ಕು ಹಸಿರು ಕಟ್ಟು, ಪಕ್ಕದಲ್ಲಿ ಎರಡು, ಇನ್ನೊಂದು ಎಲ್ಲಿ? ಒಬ್ಬರು ಕಾಫಿಗೆ ನಿಂತರು. ನಾನೂ ನಿಂತೆ. ಅವರು ಹೊರಟಾಗ ಚಿಕ್ಕಮ್ಮ ಕಾಣಲಿಲ್ಲ. ಓಡಿದೆ. ಓಡಿದರೆ ಎದೆಯ ಮೇಲಿನ ಎಲೆಗಳು ಸೀಳುತ್ತವೆಂದು ಮತ್ತೆ ನಡೆದೆ. ನನ್ನ ಉಸಿರೂ ಹೆಜ್ಜೆಯೂ ಬೇರೆ ಬೇರೆ ಊರಿನವಾಗಿದ್ದವು.

ಛತ್ರ ತಲುಪಿದಾಗ ಹತ್ತು ಗಂಟೆ ಐವತ್ತು ನಿಮಿಷ. ಮೊದಲ ಪಂಕ್ತಿ ಕೂತಾಗಿತ್ತು. ಅವರ ಮುಂದೆ ಇದ್ದದ್ದು ಮುತ್ತುಗದ ಎಲೆ.

ಆ ದುಂಡನೆಯ ಒಣ ಎಲೆಗಳನ್ನು ನಾನು ದೂರದಿಂದಲೇ ಗುರುತಿಸಿದೆ. ನಮ್ಮ ದೇವಲಾಪುರದ ಕಡೆಯ ಬೀಳು ಹೊಲಗಳ ಮುತ್ತುಗ ಅದು. ನನ್ನ ಅಜ್ಜಿ ಕಡ್ಡಿ ಚುಚ್ಚಿ ಹೊಲಿಯುತ್ತಿದ್ದುದನ್ನು ನೋಡಿಯೇ ನಾನು ಬೆಳೆದದ್ದು. ವಾರದ ಹಿಂದೆಯೇ ಕಟ್ಟಿ ತಂದಿಟ್ಟರೂ ಅದು ಬಾಡುವುದಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಬ್ಯಾರಿಕೇಡು ದಾಟುವ ಕೆಲಸವೇ ಅದಕ್ಕಿಲ್ಲ.

ಮೇಲ್ವಿಚಾರಕರು ಕೆಟ್ಟವರಲ್ಲ. ಬಂದ ಹನ್ನೆರಡು ಕಟ್ಟನ್ನೂ ಬಿಚ್ಚಿ ನೋಡಿದರು. ಕಟ್ಟು ಒಂದೂ ತಪ್ಪಿರಲಿಲ್ಲ. ತುದಿ ಹರಿದವು ಒಂದಿಷ್ಟು, ಹೆಚ್ಚಿನವು ನನ್ನ ಕಟ್ಟಿನವೇ. ಎರಡನೇ ಪಂಕ್ತಿಯಿಂದ ಬಾಳೆ ಎಲೆ ಹಾಕಿಸಿದರು. ಆದರೆ ಮಾತು ಮಾತೇ.

"ನೀವು ಆರ್ಡರ್ ಐತೆ ಅಂದ್ರಿ, ನಾನು ನಂಬ್ಕಂಡೆ," ಎಂದರು. "ನಿನ್ನೆ ಸಂಜೆ ನಾಗಮಂಗ್ಲದೋರು ಇವನ್ನ ತಂದು ಕೊಟ್ಟಿರ್ಲಿಲ್ಲ ಅಂದಿದ್ರೆ ಜನ ನೆಲದ ಮೇಲೆ ಉಣ್ಬೇಕಿತ್ತು. ಬಾಕಿ ದಿನದ ವರ್ತ್ನೆ ನಿಮ್ದೇ ಇರ್ಲಿ ಅಕ್ಕ. ಅಮಾಸೆದು ಅವ್ರಿಗೆ ಕೊಟ್ಬುಡ್ತೀನಿ."

"ಅಮಾಸೇನೇ ಕಣಣ್ಣ ನಮ್ಗೆ ವರ್ತ್ನೆ. ಬಾಕಿ ದಿನ ಯಾರ್ ಬತ್ತಾರೆ?" ಎಂದಳು ಚಿಕ್ಕಮ್ಮ. "ಮುಂದ್ಲ ಅಮಾಸೆ ಒಂದು ನೋಡಿ. ಆಮೇಲೆ ಅವ್ರಿಗೇ ಕೊಡೀರಂತೆ."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎರಡನೇ ಪಂಕ್ತಿಗೆ ಉಪ್ಪು ಬಂದಿಲ್ಲವೆಂದು ಯಾರೋ ಕೂಗಿದ್ದಕ್ಕೆ ಎದ್ದು ಹೋದರು.

ವಾಪಸು ಬರುವಾಗ ಗಾಡಿ ಖಾಲಿ. ಚಿಕ್ಕಮ್ಮ ಕಿರಂಗೂರು ದಾಟಿದ ಮೇಲೆ ಹೇಳಿದಳು: "ಗೊತ್ತಿಲ್ಲ ಅಂದಿದ್ರೆ ನಾನ್ ನಿನ್ನೆ ಸಂಜೇನೇ ತಂದಾಕ್ಬುಡ್ತಿದ್ದೆ ಕಣಮ್ಮಿ. ಗೋಣಿ ಒದ್ಸಿ ನೀರ್ ಚಿಮುಕಿಸಿದ್ರೆ ಒಂದಿನ ತಡೀತವೆ ಎಲೆ." ಅಷ್ಟೇ. ಅದರಲ್ಲಿ ಆಪಾದನೆ ಇರಲಿಲ್ಲ. ಎಲೆಯ ಗುಣದ ಬಗ್ಗೆ ಹೇಳಿದ ಹಾಗಿತ್ತು. ನನ್ನಿಂದ ಅವಳಿಗೆ ಬೇಕಾಗಿದ್ದದ್ದು ವಿನಾಯಿತಿಯಲ್ಲ, ಗೊತ್ತಿಲ್ಲ ಎಂಬ ಮಾತು. ಅದನ್ನು ಹೇಳಲು ಓದು ಬೇಕಾಗಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹತ್ತು ದಿನ ಇದ್ದಾಗ ನಾನು ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಶ್ರೀರಂಗಪಟ್ಟಣದ ಠಾಣೆಗೆ ಹೋದೆ. ಹೊರಗಿನ ಕಲ್ಲು ಬೆಂಚಿನಲ್ಲಿ ಕೂತು, ಎದ್ದು, ಗೇಟಿನವರೆಗೆ ವಾಪಸು ಹೋಗಿ, ಮತ್ತೆ ಬಂದೆ. ಒಳಗೆ ರಿಜಿಸ್ಟರು ಬರೆಯುತ್ತಿದ್ದ ಪೊಲೀಸಿನಾಕೆ ನನ್ನ ವಯಸ್ಸಿನವಳೇ. ಎಲ್ಲ ಕೇಳಿ, "ಬ್ಯಾಟ್ರಿಗೆ ಬೇರೆ ರೂಲ್ಸ್ ಇಲ್ಲ ಮೇಡಂ, ಎಲ್ಲಕ್ಕೂ ಒಂದೇ" ಎಂದಳು. ಪ್ರಕಟಣೆಯ ಪೂರ್ತಿ ಪ್ರತಿ ತೋರಿಸಿದಳು. ಕತ್ತರಿಸಿ ಹೋಗಿದ್ದ ಕೆಳಗಿನ ಅರ್ಧದಲ್ಲಿ ಸಮಯವಿತ್ತು. ನಿರ್ಬಂಧ ಬೆಳಿಗ್ಗೆ ಆರರಿಂದ. ಆರಕ್ಕೆ ಮೊದಲು ಯಾವ ಗಾಡಿ ಬೇಕಾದರೂ ಹೋಗಬಹುದಿತ್ತು, ಹೊಗೆಯದ್ದೂ, ಹೊಗೆಯಿಲ್ಲದ್ದೂ. ಈ ಅಮಾವಾಸ್ಯೆಗೂ ಹೀಗೆಯೇ ಎಂದಳು. ನಾನು ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ, ಎರಡು ಸಲ ಓದಿ ಅವಳಿಗೇ ತೋರಿಸಿದೆ.

ಸಂಜೆ ಚಿಕ್ಕಮ್ಮ ಗಾಡಿಗೆ ಚಾರ್ಜ್ ಹಾಕಿ, ಒಗೆದ ಗೋಣಿಗಳನ್ನು ಬೇಲಿಯ ಮೇಲೆ ಹರವುತ್ತಿದ್ದಳು. ಚಿಕ್ಕಪ್ಪ ಜಗಲಿಯಲ್ಲಿದ್ದರು. ನಾನು ಹಾಳೆ ತೆಗೆದೆ.

"ವಿಚಾರಿಸಿಕೊಂಡು ಬಂದೆ ಚಿಕ್ಕಮ್ಮ."

"ಯಾವೂರ್ದು?" ಎಂದಳು, ತಿರುಗದೆ. ಆಗಿನಿಂದ ನಾನು ಏನು ಹೇಳಿದರೂ, ನಾಳೆ ಮಳೆ ಎಂದರೂ, ಅವಳು ಮೊದಲು ಕೇಳುವುದು ಅದನ್ನೇ.

"ಶ್ರೀರಂಗಪಟ್ಟಣದ್ದು," ಎಂದೆ. ಆಮೇಲೆ ದಿನ, ಆಮೇಲೆ ಗಂಟೆ, ಹಾಳೆಯಲ್ಲಿದ್ದಂತೆಯೇ ಓದಿದೆ.

ಅವಳು ಪೂರ್ತಿ ಕೇಳಿದಳು. "ಅಂಗಾರೆ ಹಿಂದಿನ್ ದಿನ ಸಂಜೆ ಕುಯ್ದು, ಬೆಳಗಿನ್ ಜಾವ ನಾಕೂವರೆಗೆ ಗಾಡಿ ಬುಡೋದು," ಎಂದು ಕೊನೆಯ ಗೋಣಿಯನ್ನು ಝಾಡಿಸಿದಳು. "ಛತ್ರದೋರ್ಗೆ ಫೋನ್ ಮಾಡು. ನಾನ್ ಮಾಡಕ್ಕಿಲ್ಲ, ನೀನೇ ಹೇಳು."

ನಾನು ನಂಬರು ಒತ್ತಿದೆ. ಆ ಕಡೆ ರಿಂಗ್ ಆಗತೊಡಗಿತು. ಕತ್ತರಿಸಲಿಲ್ಲ. ಅವರು ಎತ್ತುವವರೆಗೆ ಅಂಗಳದಲ್ಲಿ ಬೇಲಿಯಿಂದ ಜಗಲಿಗೆ, ಜಗಲಿಯಿಂದ ಬೇಲಿಗೆ ನಡೆಯುತ್ತಲೇ ಇದ್ದೆ.